ಒಂಬತ್ತು ಎಳೆಯ ಬಾಗಿಲು

"ಕತ್ತರಿ ಒಳಗಿಡು ತಂಬಿ. ಅದು ಬರೀ ನೂಲಲ್ಲ, ಪಾವು, ಮಗ್ಗದ ಹಾಸುನೂಲು. ಹಾಸಿಟ್ಟ ಪಾವನ್ನ ಯಾರಾದ್ರೂ ದಾಟ್ತಾರಾ?"

ನೇಕಾರರ ಬೀದಿಯ ಮುದುಕಿ ನಾಚಿಯಮ್ಮನ ಮಾತಿಗೆ ದೀನದಯಾಳನ್ ನಕ್ಕ. ತಿರುಪ್ಪೂರಿನ ಬನಿಯನ್ ಕಂಪನಿಯೊಂದರ ಮ್ಯಾನೇಜರ್ ಅವನು. ಅವನ ಅಜ್ಜನೂ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯ್ದವನೇ. ಮೊಮ್ಮಗನ ಬೆರಳಿಗೆ ಗೊತ್ತಿದ್ದದ್ದು ಹೆಂಗಸರ ಕೈವೇಗ ಅಳೆಯುವ ಸ್ಟಾಪ್‌ವಾಚು ಮಾತ್ರ. ಕಾರಮಡೈ ಆಚೆಯ ಈ ಹಾಳು ಮಿಲ್ಲನ್ನು ಕಂಪನಿ ಕೊಂಡಿತ್ತು. ನಾಳೆ ಪರದೇಶದ ಗಿರಾಕಿಗಳು ನೋಡಲು ಬರುವವರಿದ್ದರು. ಅಷ್ಟರಲ್ಲಿ ನೀರಿನ ಚಕ್ರದ ಗುಂಡಿ ಚೊಕ್ಕಟವಾಗಬೇಕು. ಗುಂಡಿಯ ಕಬ್ಬಿಣದ ಬಾಗಿಲಿಗೆ ಅಡ್ಡಲಾಗಿ ಬೂದಿ ಬಳಿದ ಒಂಬತ್ತು ಎಳೆ ಬಿಗಿದಿದ್ದರು.

"ನಮ್ಮ ಯೂನಿಟ್‌ನಲ್ಲಿ ದಿನಕ್ಕೆ ಸಾವಿರ ಸಲ ನೂಲು ಹರಿಯತ್ತೆ ಅವ್ವಾ. ಒಂದು ದೆವ್ವಾನೂ ಓವರ್‌ಟೈಮ್ ಕೇಳ್ಕೊಂಡು ಬಂದಿಲ್ಲ."

"ಹರಿದ ಕೈಯೇ ಸೇರಿಸ್ಬೇಕು. ಬೇರೆ ಕೈಗೆ ಅದು ನಿಲ್ಲಲ್ಲ."

ಕಚಕ್. ಒಂಬತ್ತೂ ಒಂದೇ ಏಟಿಗೆ.

ಕೆಲಸಕ್ಕೆಂದು ವ್ಯಾನಿನಲ್ಲಿ ತಂದಿದ್ದ ಹೆಂಗಸರಲ್ಲಿ ತೆಳ್ಳಗಿದ್ದವಳು ಇಲಕ್ಕಿಯಾ, ನಾಚಿಯಮ್ಮನ ಮೊಮ್ಮಗಳು. ಅವಳನ್ನೇ ಗುಂಡಿಗಿಳಿಸಿದ.

"ಬಾಗಿಲು ತೆರೆದೇ ಇರ್ಲಿ ಸಾರ್."

"ತೆರೆದಿದ್ರೆ ಹತ್ತು ನಿಮಿಷಕ್ಕೊಂದ್ಸಲ ಟೀ ಅಂತ ಬರ್ತೀಯ. ಮುಗಿಸು, ತೆಗೀತೀನಿ."

ಚಿಲಕ ಜಡಿದ.

ಮಹಾಯುದ್ಧದ ಕಾಲದಲ್ಲಿ ಈ ಮಿಲ್ಲು ದಂಡಿಗೆ ಗಾಯ ಕಟ್ಟುವ ಬಟ್ಟೆ ನೇಯುತ್ತಿತ್ತು. ಯಾರದೋ ಯುದ್ಧ, ಯಾರದೋ ಗಾಯ; ದುಡಿಮೆ ಮಾತ್ರ ಈ ಬೀದಿಯ ಹೆಂಗಸರದು. ಒಂದು ದಿನ ಜೊಂಡು ಸಿಕ್ಕಿ ಚಕ್ರ ನಿಂತಿತು. ಒಂಬತ್ತು ಹೆಂಗಸರನ್ನು ಗುಂಡಿಗಿಳಿಸಿ, ಬೇಗ ಮುಗಿಸಲೆಂದು ಮೇಲಿಂದ ಚಿಲಕ ಹಾಕಿದರು. ಗೇಟಿನಲ್ಲಿ ದಂಡಿನ ಲಾರಿ ಹಾರನ್ ಹೊಡೆಯುತ್ತಿತ್ತು. ಅವರು ಮೇಲೆ ಬರುವ ಮೊದಲೇ ತೂಬು ಎತ್ತಿಸಿದರು. ಚಕ್ರ ತಿರುಗಿತು. ಲಾರಿ ಹೊತ್ತಿಗೆ ಸರಿಯಾಗಿ ಹೊರಟಿತು. ಸತ್ತವಳೊಬ್ಬಳ ತಾಯಿ ಒಂಬತ್ತು ಸೀರೆಗಳ ಸೆರಗು ಸುಟ್ಟು, ಆ ಬೂದಿಗೆ ತನ್ನ ರಕ್ತ ಕಲಸಿ, ಇದೇ ಹೊಸ್ತಿಲಲ್ಲಿ ಹೂತು ಮಾಟ ಮಾಡಿದಳು: ಚಿಲಕ ಹಾಕಿದವನ ಎದೆಗೆ ನೀರು ತುಂಬಲಿ. ಆದರೆ ಮಾಟಕ್ಕೆ ಕಣ್ಣಿಲ್ಲ. ಒಳಗಿರುವವಳನ್ನೂ ಅದು ಬಿಡುವುದಿಲ್ಲ. ಅದಕ್ಕೇ ನೇಕಾರರ ಬೀದಿಯವರು ಅಮಾವಾಸ್ಯೆಗೊಮ್ಮೆ ಹೊಸ ಪಾವು ಕಟ್ಟಿ ಅದನ್ನು ಹಿಡಿದಿಟ್ಟಿದ್ದರು.

ಮಟಮಟ ಮಧ್ಯಾಹ್ನ. ಮೊದಲು ಬಂದದ್ದು ವಾಸನೆ. ಕೊಳೆತ ಗಂಜಿ, ನೆಂದ ಹತ್ತಿ, ಹೆಣ್ಣು ಕೂದಲಿನ ಹಳಸಿದ ಎಣ್ಣೆ. ಆಮೇಲೆ ಸದ್ದು. ದೀನದಯಾಳನ್ ಕಾಲುವೆಯತ್ತ ತಿರುಗಿದ. ಅಲ್ಲಿ ಬರೀ ಬಳ್ಳಾರಿ ಜಾಲಿ, ತೊಟ್ಟು ನೀರಿಲ್ಲ. ಆದರೂ ನೀರು ಭೋರ್ಗರೆಯುತ್ತಿತ್ತು. ಬಾಗಿಲ ಹಿಂದೆ.

"ಸಾರ್! ನೀರು! ಮೊಣಕಾಲಿಗೆ ಬಂತು ಸಾರ್!"

ಚಿಲಕ ಎಳೆದ. ಅಲುಗಲಿಲ್ಲ. ಕಲ್ಲಿನಿಂದ ಗುದ್ದಿದ. ಕಲ್ಲು ಒಡೆಯಿತು.

"ಸೇರಿಸು," ನಾಚಿಯಮ್ಮ ಹರಿದ ಎಳೆಗಳನ್ನು ಅವನ ಕೈಗೆ ತುರುಕಿದಳು. "ಒಂದೊಂದಾಗಿ ಸೇರಿಸು ತಂಬಿ, ನಿನ್ ಕಾಲು ಹಿಡೀತೀನಿ."

ಮಂಡಿಯೂರಿದ. ಬೆರಳು ಒದ್ದೆ, ಎಳೆ ಜಾರುತ್ತಿತ್ತು. ಹೆಂಗಸರು ಮೂರು ಸೆಕೆಂಡಿಗೆ ಹಾಕುವ ಗಂಟು ಅವನಿಗೆ ಬಾರದು. ಹೇಗೋ ಒಂದು ಬಿತ್ತು. ಒಳಗಿನ ನೀರು ಒಂದು ಗೇಣು ಇಳಿಯಿತು. ಇಳಿದದ್ದು ಅವನ ಎದೆಗೆ ಬಂತು. ಕೆಮ್ಮಿದ. ಕಂದು ನೀರು. ಎರಡು. ಮೂರು. ಪ್ರತಿ ಗಂಟಿಗೂ ಯಾರೋ ಕಿವಿಯ ಬುಡದಲ್ಲಿ ಉಸಿರೆಳೆದರು. ಐದು. ಮೂಗಿನಲ್ಲಿ ಜೊಂಡಿನ ನಾರು. ಏಳು. ಎಂಟು.

ಉಳಿದದ್ದು ಒಂದು. ಅವನ ಎದೆಯಲ್ಲಿ ಉಳಿದದ್ದೂ ಒಂದೇ ಉಸಿರು. ಅದು ಅವನಿಗೆ ಗೊತ್ತಾಯಿತು.

"ಒಂದೇ ಒಂದು ತಂಬಿ!"

"ಅಜ್ಜೀ..." ಒಳಗಿನಿಂದ ಕ್ಷೀಣ ದನಿ.

ಅವನು ಎಳೆ ಕೈಬಿಟ್ಟ. ಎದ್ದ. ಓಡಿದ.

ಬೆನ್ನ ಹಿಂದೆ ಎಂಟೂ ಗಂಟು ಬಿಚ್ಚಿಕೊಂಡವು. ಇಲಕ್ಕಿಯಾ ಕಿರುಚಿದಳು. ನಾಚಿಯಮ್ಮ ಒಂಬತ್ತು ತುದಿಯನ್ನೂ ಬಾಚಿ ಹಿಡಿದಳು. ಅವಳ ಕೈಯಲ್ಲಿ ಅವು ನಿಲ್ಲಲಿಲ್ಲ. ಹೆಂಗಸರೆಲ್ಲ ಬಾಗಿಲಿಗೆ ಭುಜ ಕೊಟ್ಟರು. ಅವನು ತಿರುಗಿ ನೋಡಲಿಲ್ಲ. ವ್ಯಾನಿನ ಪಕ್ಕ ನಿಲ್ಲಿಸಿದ್ದ ತನ್ನ ಕಾರು. ಸೀಟು. ಕಿಟಕಿ ಏರಿಸಿದ. ದಿನನಿತ್ಯದ ಅಭ್ಯಾಸ, ಬೆರಳು ತಾನಾಗಿ ಲಾಕಿನ ಬಟನ್ ಒತ್ತಿತು. ನಾಲ್ಕು ಬಾಗಿಲೂ ಒಟ್ಟಿಗೆ ಟಕ್ಕೆಂದವು.

ಚಿಲಕ ಹಾಕಿದವನೂ ಅವನೇ. ಒಳಗಿದ್ದವನೂ ಅವನೇ. ಮಾಟಕ್ಕೆ ಇನ್ನೊಬ್ಬರು ಬೇಕಿರಲಿಲ್ಲ.

ಗುಂಡಿಯ ಚಿಲಕ ತಾನಾಗಿ ಸರಿಯಿತು. ಎದೆಮಟ್ಟ ಒದ್ದೆಯಾಗಿ, ಇಲಕ್ಕಿಯಾ ಅಜ್ಜಿಯ ಮಡಿಲಿಗೆ ಬಿದ್ದಳು.

ಹೆಂಗಸರು ಕಾರಿನ ಗಾಜು ಒಡೆದರು. ಸೀಟು ಒಣಗಿತ್ತು, ಬಿಸಿಲಿಗೆ ಕಾದಿತ್ತು. ದೀನದಯಾಳನ್ ಮುಳುಗಿ ಸತ್ತಿದ್ದ. ತೆರೆದ ಬಾಯಿಂದ ತುಟಿಯ ಮೇಲೆ ಇನ್ನೂ ನೀರು ಜಿನುಗುತ್ತಿತ್ತು.

ಸೀಟಿನ ಮೇಲೆ ಫೋನು ಬಡಿದುಕೊಂಡಿತು. ಕಂಪನಿಯ ಧಣಿ, ಮುದಲಾಳಿ. ಇಲಕ್ಕಿಯಾ ಎತ್ತಿಕೊಂಡಳು.

"ಏನಪ್ಪಾ ದೀನಾ, ಗುಂಡಿ ಆಯ್ತಾ? ಮುಗಿಯೋ ತನಕ ಆ ಹುಡುಗೀರ್ನ ಈಚೆ ಬಿಡ್ಬೇಡ."

ಅವಳು ತೆರೆದ ಬಾಗಿಲನ್ನು ನೋಡಿದಳು. ಒಳಗಿನ ಕತ್ತಲಲ್ಲಿ ನೀರು ತಣ್ಣಗೆ ಕಾದಿತ್ತು. ಹಲ್ಲು ಕಟಕಟಿಸುತ್ತಿದ್ದರೂ ದನಿ ಗಟ್ಟಿಯಾಗಿತ್ತು.

"ಇನ್ನೂ ಇದೆ ಮುದಲಾಳಿ. ನೀವೇ ಬಂದು ಇಳೀರಿ. ಬಾಗಿಲು ನಾವು ನೋಡ್ಕೋತೀವಿ."