ಬಂಡೆಯಡಿಯ ಜಿಂಕೆ

"ನನ್ನ ಜಿಂಕೆ ಹೋಯ್ತು ಮೇಡಂ!"

ಬಣಕಲ್ ಪಕ್ಕದ ಎಸ್ಟೇಟಿನ ಮಾಲೀಕರಾದ ಜನಾರ್ದನ ಫೋನಿನಲ್ಲಿ ಹೀಗೆ ಕೂಗಿದ್ದು. ಬೇಟೆಯ ಕೇಸು ಅಂದುಕೊಂಡು ಪಿಎಸ್‌ಐ ಮೇಘಶ್ರೀ ಮೇಡಂ, ಕಾನ್‌ಸ್ಟೇಬಲ್ ಶಿವಯ್ಯನಾದ ನಾನು, ಇಬ್ಬರೂ ಜೀಪು ಹತ್ತಿ ಓಡಿದೆವು. ನೋಡಿದರೆ ಹೋಗಿದ್ದು ಚಿತ್ರದ ಜಿಂಕೆ!

ತೋಟದ ನಡುವೆ ಚಪ್ಪರದ ಹಾಗೆ ಚಾಚಿದ ಬಂಡೆ. ಅಡಿಯಲ್ಲಿ ಹತ್ತು ಜನ ಆರಾಮಾಗಿ ಕೂರಬಹುದು. ಎರಡು ತಿಂಗಳ ಹಿಂದೆ ಒಳಗೋಡೆಯಲ್ಲಿ ಆದಿಮಾನವರ ಕೆಂಪು ಜಿಂಕೆ ಸಿಕ್ಕಿತ್ತಂತೆ. ಈಗ ಯಾರೋ ತಿಕ್ಕಿ ಅಳಿಸಿದ್ದರು.

"ಪಾಪಮ್ಮಂದೇ ಕೆಲಸ," ಅಂದ ಜನಾರ್ದನರ ಅಣ್ಣನ ಮಗ ಅಜಿತ್. ಹೋಂಸ್ಟೇ ನಡೆಸುವವನು ಅವನೇ. "ಇಲ್ಲೇ ಬೆಂಕಿ ಹಾಕಿ ಚಾ ಕಾಸ್ತಾಳೆ. ಒದ್ದೆ ಬಟ್ಟೇನೂ ಇಲ್ಲೇ ಬಿದ್ದಿತ್ತು."

ತೋಟದಾಳು ಪಾಪಮ್ಮ ಕಣ್ಣೊರೆಸಿಕೊಂಡಳು. "ಅದು ಕೈ ಒರೆಸೋ ಬಟ್ಟೆ ಕಣವ್ವಾ. ಇಪ್ಪತ್ತು ವರ್ಷದಿಂದ ಇಲ್ಲೇ ಬುತ್ತಿ ಉಣ್ತೀನಿ. ಇನ್ನು ಕೆಲಸಕ್ಕೇ ಬರಬೇಡ ಅಂದ್ಬಿಟ್ರು ಯಜಮಾನ್ರು."

ನಾನು ಅವಳ ಮಾತು ಬರೆದುಕೊಂಡೆ. ಮೇಡಂ ಮಾತ್ರ ಗೋಡೆ ನೋಡುತ್ತಿದ್ದರು.

* * *

"ಶಿವಯ್ಯ, ಎಲ್ಲ ಕಡೆ ಹೊಗೆಮಸಿ. ಜಿಂಕೆ ಇದ್ದ ಜಾಗ ಮಾತ್ರ ಯಾಕೆ ಬೆಳ್ಳಗಿದೆ?"

"ತಿಕ್ಕಿದ್ದಾರಲ್ಲ ಮೇಡಂ."

"ಕೈಯಿಟ್ಟು ನೋಡಿ ಮಾರಾಯ್ರೆ!"

ಮುಟ್ಟಿದೆ. ಸುತ್ತಲಿನ ಕಲ್ಲು ನುಣುಪು, ಇಲ್ಲಿ ಮಾತ್ರ ಒರಟು. ಅಂಚು ಹರಿತ.

"ಪಾಪಮ್ಮ, ಇಲ್ಲಿಂದ ಕಲ್ಲು ಬಿದ್ದಿತ್ತಾ?"

"ಹೂಂ, ಈ ಮಳೆಗಾಲದಲ್ಲಿ. ಆ ಚಪ್ಪಡಿ ಮೇಲೆ ಕೂತೇ ಉಣ್ತೀವಲ್ಲ."

ಮೇಡಂ ನಕ್ಕರು. "ಬಿರುಕಿಗೆ ನೀರಿಳಿದು, ಕಲ್ಲು ಚಕ್ಕೆಚಕ್ಕೆಯಾಗಿ ಕಳಚಿ ಕಳಚಿಯೇ ಈ ಆಸರೆ ಆಗಿರೋದು. ಈ ವರ್ಷ ಚಕ್ಕೆ ಕಳಚಿ ಹೊರಗೆ ಕಂಡ ಗೋಡೆ ಮೇಲೆ ಆದಿಮಾನವ ಹೇಗೆ ಚಿತ್ರ ಬರೆದ ಜನಾರ್ದನ ಅವ್ರೇ?"

"ಅಯ್ಯೋ! ನಾಳೆ ಚಿತ್ರ ನೋಡೋಕೆ ತಜ್ಞರು ಬರ್ತಿದಾರೆ!"

"ಯಾರಿಗೆ ಹೇಳಿದ್ರಿ?"

"ಅಜಿತನಿಗೆ ಮಾತ್ರ. ನಿನ್ನೆ ಸಂಜೆ."

* * *

ಕಲ್ಲಿನ ಸಂದಿಯಲ್ಲಿ ಚೂರು ಕೆಂಪು ಉಳಿದಿತ್ತು. ಜೊತೆಗೆ ನೀಲಿ ಪುಡಿ. ತೋಟದವರಿಗೆ ಅದನ್ನು ಹೇಳಿಕೊಡಬೇಕೇ? ಮೈಲುತುತ್ತ, ಸುಣ್ಣ ಕಲಸಿ ಕಾಫಿ ಗಿಡಕ್ಕೆ ಹೊಡೆಯುವ ಬೋರ್ಡೋ ದ್ರಾವಣ. ಹೋಂಸ್ಟೇ ಹಿಂದೆ ನನಗೆ ಬಕೆಟ್ ಸಿಕ್ಕಿತು. ತಳದಲ್ಲಿ ನೀಲಿ, ಮೇಲೆ ನೆಲಕ್ಕೆ ಬಳಿಯುವ ಕಾವಿ. ಪುಣ್ಯಾತ್ಮ ಬಕೆಟ್ ತೊಳೆಯದೇ ಬಣ್ಣ ಕಲಸಿದ್ದ!

ಅಜಿತ್ ತಲೆ ತಗ್ಗಿಸಿದ. "ಗೆಸ್ಟ್‌ಗಳು ಬರ್ಲಿ ಅಂತ ನಾನೇ ಬರೆದೆ. ಚಿಕ್ಕಪ್ಪ ತಜ್ಞರನ್ನೇ ಕರೀತಾರೆ ಅಂದ್ಕೊಂಡಿರ್ಲಿಲ್ಲ. ಸಿಕ್ಕಿಬೀಳ್ತೀನಿ ಅಂತ ಬೆಳಿಗ್ಗೆ ಬಂದು ಅಳಿಸಿದೆ."

"ಜಿಂಕೆನಾ ಅದು?" ಪಾಪಮ್ಮ ಬೆರಗಾದಳು. "ನಾನು ಎಮ್ಮೆ ಅಂದ್ಕೊಂಡಿದ್ದೆ."

ನಗು ತಡೆಯಲಾರದೆ ನಾನು ಆಚೆ ತಿರುಗಿದೆ.

ಜನಾರ್ದನ ಕೈ ಮುಗಿದರು. "ತಪ್ಪಾಯ್ತು ಪಾಪಮ್ಮ. ವಿಚಾರಿಸದೆ ಬಾಯಿಗೆ ಬಂದಂತೆ ಅಂದುಬಿಟ್ಟೆ. ನಾಳೆಯಿಂದ ಕೆಲಸಕ್ಕೆ ಬಾ."

"ನಾಳೆ ಯಾಕಯ್ಯಾ? ಹಣ್ಣು ಉದುರ್ತಾ ಇದೆ."

ಕೊಯ್ಲಿನ ಚೀಲ ಸೊಂಟಕ್ಕೆ ಬಿಗಿದು ಪಾಪಮ್ಮ ಹೊರಟೇಬಿಟ್ಟಳು.