ನಾಲಿಗೆ ಹೇಳಿದ ಸುಳ್ಳು

"ಕೈ ತೆಗೀರಿ!"

ಅವಳು ಅವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದಳು. ಅವನ ಕೈಯಲ್ಲಿ ಸಕ್ಕರೆ ಪುಡಿ ತುಂಬಿದ ಚಮಚ. ಅದರ ಕೆಳಗೆ ಕ್ರೀಮ್ ಪಾತ್ರೆ... ಈಗಷ್ಟೇ ಅವಳೇ ರುಚಿ ನೋಡಿ, 'ಸಾಕು' ಎಂದು ಮುಚ್ಚಿಟ್ಟಿದ್ದ ಪಾತ್ರೆ!

"ನಾನು ಸಾಕು ಅಂದ ಮೇಲೂ ಸಕ್ಕರೆ ಹಾಕೋಕೆ ನೀವ್ಯಾರು?"

ಓವನ್ ನೋಡಿಕೊಳ್ಳುವ ಹೊಸ ಬೇಕರ್ ಬಾಯಿ ತೆರೆದ, ಮುಚ್ಚಿದ. ಬೇಕರಿಯವರೆಲ್ಲ ಅವನನ್ನು 'ಮೌನಿ' ಎನ್ನುತ್ತಿದ್ದುದು ಸುಮ್ಮನಲ್ಲ.

"ಸ್ವಲ್ಪ... ಹುಳಿ ಇತ್ತು."

"ನಂಗೆ ಅನ್ನಿಸ್ಲಿಲ್ಲ!" ಪಾತ್ರೆಯನ್ನು ಎಳೆದುಕೊಂಡು ಹೊರಟೇಬಿಟ್ಟಳು.

ಅಲ್ಲಿ ಅವಳಿಗೆ 'ನಾಲಿಗೆ ಮೇಡಂ' ಎಂದೇ ಹೆಸರು. ಹಣ್ಣಿನ ಕ್ರೀಮಿಗೆ ಅಳತೆಯೊಂದೇ ಸಾಲದು. ಒಂದೊಂದು ಬುಟ್ಟಿ ಹಣ್ಣಿನ ಹುಳಿ ಒಂದೊಂದು ಥರ. ಕೊನೆಯ ಸಕ್ಕರೆ ಎಷ್ಟೆಂದು ನಾಲಿಗೆಯೇ ಹೇಳಬೇಕು. ಅವಳು 'ಸಾಕು' ಎಂದರೆ ಯಜಮಾನರೂ ಮರುಮಾತಾಡುತ್ತಿರಲಿಲ್ಲ.

ಆದರೆ ಈಚೆಗೆ ಆ ನಾಲಿಗೆಗೇ ಬೇಲಿ ಬಿದ್ದಿತ್ತು. ರಕ್ತಪರೀಕ್ಷೆ ನೋಡಿದ ಡಾಕ್ಟರ್, "ಸಕ್ಕರೆ ಕಾಯಿಲೆ ಗಡೀಲಿದ್ದೀರಿ. ಈಗಲೇ ತಿರುಗಿದ್ರೆ ವಾಪಸ್ ಬರಬಹುದು," ಎಂದಿದ್ದರು. ಆ ಕಾಯಿಲೆ ಅಮ್ಮನ ಒಂದು ಕಣ್ಣನ್ನು ಆಗಲೇ ನುಂಗಿತ್ತು. ಕೇಕಿನ ಮೇಲೆ ಕೂದಲೆಳೆಯಂಥ ಬಳ್ಳಿ ಬಿಡಿಸುವ ತನಗೂ ಕಣ್ಣು ಹೋದರೆ...?

ಅಂದಿನಿಂದ ಬುತ್ತಿಯಲ್ಲಿ ಬೇಯಿಸಿದ ಕಾಳು, ಸೌತೆಕಾಯಿ. ಕ್ರೀಮ್ ನಾಲಿಗೆ ತುದಿಗೆ ತಾಗಿದರೆ ತಕ್ಷಣ ಉಗಿದು ಬಾಯಿ ಮುಕ್ಕಳಿಸುವುದು.

"ಯಾವ ಮೊಲದ ಊಟ ಕದ್ಕೊಂಡು ಬಂದ್ಯೇ?" ಎಂದು ಕೌಂಟರ್ ಅಕ್ಕ ರೇಗಿಸುತ್ತಿದ್ದಳು. ಇವಳೂ ನಗುತ್ತಿದ್ದಳು. ನಗು ನಿಂತೊಡನೆ ಬೆಣ್ಣೆ, ಚಾಕೊಲೇಟಿನ ಪರಿಮಳ ಮೂಗಿಗೆ ಬಡಿದು, ಸೌತೆಕಾಯಿ ಗಂಟಲಲ್ಲೇ ನಿಲ್ಲುತ್ತಿತ್ತು.

ಅಮ್ಮನ ಕಣ್ಣಿನ ಕಥೆಯನ್ನು ಅವಳು ಅಕ್ಕನಿಗೆ ಹೇಳುವಾಗ ಕೇಳಿಸಿಕೊಂಡಿದ್ದ ಮೌನಿ, ಆ ಕಷ್ಟ ಅರಿತವನಂತೆ ಸಕ್ಕರೆ ಹಾಕದ ಪುಟ್ಟ ಬ್ರೆಡ್ಡೊಂದನ್ನು ಬಿಸಿಯಾಗಿ ಅವಳ ಬುತ್ತಿಯ ಪಕ್ಕ ಇಟ್ಟು ಹೋಗುತ್ತಿದ್ದ. ಅದಕ್ಕಾಗಿ ಅವಳು ಕಾಯತೊಡಗಿದ್ದಳು... ಅವನಿಗಾಗಿಯೂ.

'ಅಂಥವನೇ ನನ್ನ ಬೆನ್ನ ಹಿಂದೆ ಹೀಗೆ ಮಾಡೋದಾ?'

ಮಧ್ಯಾಹ್ನ ಯಜಮಾನರು ಕರೆದರು.

"ಏನಮ್ಮಾ ಇದು? ಬೆಳಗಿನ ಕೇಕು ಹುಳಿ ಹುಳಿ ಅಂತ ಫೋನು! ಸಂಜೆ ಮದುವೆ ಕೇಕಿನವರು ರುಚಿ ನೋಡೋಕೆ ಬರ್ತಾರೆ. ಅದೂ ಕೆಟ್ಟರೆ ರುಚಿ ನೋಡೋ ಕೆಲಸ ಬೇರೆಯವರಿಗೆ."

ಬೇರೆಯವರಿಗೆ! ಅವಳ ಕಣ್ಣು ತಾನಾಗಿ ಓವನ್ ಕಡೆ ಹೊರಳಿತು. 'ಓಹೋ... ನನ್ನ ಜಾಗದ ಮೇಲೆ ಕಣ್ಣು!'

ಉಳಿದ ಕ್ರೀಮನ್ನು ಮತ್ತೆ ನಾಲಿಗೆಗೆ ಮುಟ್ಟಿಸಿದಳು. ಸಿಹಿಯಾಗಿಯೇ ಇತ್ತು! 'ಹಾಗಾದ್ರೆ ನನ್ನ ನಾಲಿಗೆ ಸಿಹಿಯನ್ನೇ ಮರೆತುಬಿಟ್ಟಿದೆ. ನೆನಪಿಸಬೇಕು... ಸಂಜೆಯೊಳಗೆ!'

ಕತ್ತರಿಸಿ ಉಳಿದ, ಕ್ರೀಮ್ ಮೆತ್ತಿದ ಕೇಕಿನ ಅಂಚುಗಳನ್ನು ತಟ್ಟೆಗೆ ಹಾಕಿಕೊಂಡು, ಮೈದಾ ಮೂಟೆಗಳಿದ್ದ ಕೋಣೆ ಸೇರಿದಳು. ಮೊದಲ ತುತ್ತಿಗೇ ಮೈ ಜುಮ್ಮೆಂದಿತು. ಎರಡನೆಯದಕ್ಕೆ ಕಣ್ಣು ತುಂಬಿತು. ಮೂರನೆಯದನ್ನು ಬಾಯಿಯ ಹತ್ತಿರ ತಂದಾಗ ಬಾಗಿಲು ತೆರೆಯಿತು.

"ಇಡಿ ಅದನ್ನ," ಎಂದ ಮೌನಿ.

"ಯಾಕೆ? ನಾನು ಹಾಳಾದ್ರೆ ನನ್ನ ಕೆಲಸ ನಿಮಗೇ ಅಲ್ವಾ!"

"ನಿಮ್ಮ ನಾಲಿಗೆ ಕೆಟ್ಟಿಲ್ಲ. ಚುರುಕಾಗಿದೆ." ಅವನು ಒಳಗೆ ಬಂದ. "ಸಕ್ಕರೆ ಬಿಟ್ಟೋರಿಗೆ ಚೂರು ಸಿಹೀನೂ ತುಂಬ ಅನ್ಸುತ್ತೆ. ನಿಮಗೆ ಸಾಕಾಗಿದ್ದು ಗಿರಾಕಿಗಳಿಗೆ ಸಾಲಲ್ಲ. ನಮ್ಮಪ್ಪ ಸಕ್ಕರೆ ಬಿಟ್ಟಾಗ ನೋಡಿದ್ದೀನಿ. ಬರೀ ಹಾಲು ಕೊಟ್ರೂ, 'ಯಾರೇ ಇದಕ್ಕೆ ಸಕ್ಕರೆ ಹಾಕಿದ್ದು?' ಅಂತ ಅಮ್ಮನ ಮೇಲೆ ಕೂಗಾಡೋರು."

ಅವನ ಬಾಯಲ್ಲಿ ಇಷ್ಟೊಂದು ಮಾತು! ಅವಳು ದಂಗಾದಳು.

"ಅಂದ್ರೆ... ಇಷ್ಟು ದಿನ ದೂರು ಬರದೇ ಇದ್ದಿದ್ದು...?"

"ನೀವು ಸಾಕು ಅಂದ ಮೇಲೆ ದಿನಾ ನಾನೊಂದು ಚಮಚ ಹಾಕ್ತಿದ್ದೆ," ಎಂದು ಅವನು ತಲೆ ತಗ್ಗಿಸಿದ.

"ನನಗೆ ಹೇಳೋಕೇನಾಗಿತ್ತು ಧಾಡಿ?"

"ಹೇಳಿದ್ರೆ ಇದನ್ನೇ ಮಾಡ್ತೀರಿ ಅಂತ ಭಯ." ಅವನು ತಟ್ಟೆಯತ್ತ ನೋಡಿದ. "ಕೆಲಸ ಉಳಿಸ್ಕೊಳೋಕೆ ಕಣ್ಣು ಕಳ್ಕೊತೀರಿ ಅಂತ."

ಅವಳ ಸಿಟ್ಟು ಅರ್ಧ ಕರಗಿತು. ಇನ್ನರ್ಧ ಉಳಿಯಿತು.

"ನನ್ನ ನಾಲಿಗೆ ವಿಷಯ ನನಗೇ ಮುಚ್ಚಿಟ್ರಿ. ಅದು ತಪ್ಪು."

"ತಪ್ಪೇ."

ಬೆರಳ ಮೇಲಿನ ಕ್ರೀಮ್ ಇನ್ನೂ ಕರೆಯುತ್ತಿತ್ತು. ನೆಕ್ಕಬೇಕೆಂಬ ಆಸೆ ಸತ್ತಿರಲಿಲ್ಲ... ಸುಲಭಕ್ಕೆ ಸಾಯುವುದೂ ಇಲ್ಲ. ಅವಳು ತುತ್ತನ್ನು ತಟ್ಟೆಯಲ್ಲಿಟ್ಟು, ತಟ್ಟೆಯನ್ನು ಅವನ ಕೈಗಿತ್ತು, ನೇರವಾಗಿ ಯಜಮಾನರ ಮುಂದೆ ನಿಂತಳು. ಅವನೂ ಹಿಂದೆಯೇ ಬಂದ.

"ನನ್ನ ನಾಲಿಗೆ ಸಿಹಿ ವಿಷಯದಲ್ಲಿ ಸುಳ್ಳು ಹೇಳ್ತಿದೆ, ಸರ್. ನಾನು ಸಕ್ಕರೆ ಬಿಟ್ಟಿದ್ದೀನಿ, ಮತ್ತೆ ತಿನ್ನಲ್ಲ. ಹಾಲು, ಬೆಣ್ಣೆ, ಹಣ್ಣು ನಾನು ನೋಡ್ತೀನಿ. ಸಿಹಿ ಇವರು ನೋಡ್ಲಿ. ಒಪ್ಪದಿದ್ರೆ... ನಿಮ್ಮಿಷ್ಟ."

"ಒಂದು ಕ್ರೀಮಿಗೆ ಎರಡು ನಾಲಿಗೆಯಾ?" ಯಜಮಾನರು ಹುಬ್ಬೇರಿಸಿದರು. "ಎರಡು ನಾಲಿಗೆಯವರನ್ನ ನಂಬಬಾರದು ಅಂತಾರಲ್ಲಮ್ಮಾ! ಸರಿ, ಸಂಜೆ ನೋಡೋಣ."

ಸಂಜೆ ಮದುಮಗಳು, ಅವರಿಬ್ಬರೂ ಸೇರಿ ಹದ ಮಾಡಿದ ಕ್ರೀಮನ್ನು ಚಮಚದಲ್ಲಿ ಬಾಯಿಗಿಟ್ಟಳು. ಇನ್ನೊಂದು ಚಮಚ ತೆಗೆದುಕೊಂಡಳು. ಆಮೇಲೆ ತನ್ನಮ್ಮನ ಕೈಯಲ್ಲಿದ್ದ ಚಮಚಕ್ಕೂ ಬಾಯಿ ಹಾಕಿದಳು! ಯಜಮಾನರು ನಿಟ್ಟುಸಿರು ಬಿಟ್ಟು ಕುರ್ಚಿಗೊರಗಿದರು.

ಪಾತ್ರೆ ತೊಳೆಯುವ ತೊಟ್ಟಿಯ ಬಳಿ ಅವರಿಬ್ಬರೇ ಉಳಿದರು.

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾಳೆ ನಮ್ಮಮ್ಮ," ಎಂದಳು. "ನನಗೆ ಊಟ ಬರಲ್ಲ. ನಿಮಗೆ ಮಾತು ಬರಲ್ಲ."

"ಬ್ರೆಡ್ಡು ದಿನಾ ಕೊಡ್ತೀನಿ. ಮಾತು ನೀವು ಕಲಿಸಿ."

"ಹಾಗಾದ್ರೆ ಹೇಳಿ. ಬಾಯಿವರೆಗೂ ಬಂದು ನುಂಗಿದ್ದು ಇನ್ನೇನಿದೆ?"

ಅವನ ಕಿವಿ ಕೆಂಡದಂತೆ ಕೆಂಪಾಯಿತು.

"ನೀವಂದ್ರೆ... ನನಗೆ... ಇಷ್ಟ."

ಅವಳು ನಲ್ಲಿ ನಿಲ್ಲಿಸಿದಳು. ಅವನು ಗಾಬರಿಯಾದ.

"ಯಾಕೆ... ಸಾಲದಾ?"

"ಸಾಕು," ಎಂದಳು ಅವಳು, ಒದ್ದೆ ಕೈಯಿಂದಲೇ ಅವನ ಕೈ ಹಿಡಿದು. "ನನ್ನ ನಾಲಿಗೆಗೆ ಈಗ ಚೂರು ಸಿಹೀನೂ ತುಂಬ!"