ಎರೆಶ್ಕಿಗಲಳ ರೊಟ್ಟಿ

"ಅಲ್ಲಿ ಇಟ್ಟದ್ದನ್ನು ತಿನ್ಲಿಕ್ಕೆ ಮಾತ್ರ ಹೋಗ್ಬೇಡ ಮಾರಾಯ್ತಿ," ಎಂದು ಮಾರ್ಟಿನಾ ಮೊದಲ ಶುಕ್ರವಾರವೇ ಹೇಳಿದ್ದಳು. "ಅವಳ ಎದುರು ಇಟ್ಟ ಮೇಲೆ ಅದು ಬದುಕಿದವರ ಊಟ ಅಲ್ಲ."

ನಿಖಿತಾ ನಕ್ಕುಬಿಟ್ಟಳು. ಕಾಪುವಿನಿಂದ ಮಗಳನ್ನು ಕಟ್ಟಿಕೊಂಡು ಗಲ್ಫಿನಲ್ಲಿದ್ದ ಗಂಡನ ಬಳಿಗೆ ಬಂದು ವಾರವೂ ಆಗಿರಲಿಲ್ಲ. ಗಂಡ ಶ್ರವಣ ಬೆಳಿಗ್ಗೆ ಐದಕ್ಕೇ ಮುಸಫ್ಫಾದ ವರ್ಕ್‌ಶಾಪಿನ ಬಸ್ಸು ಹತ್ತುವವನು. ರೀಮ್ ಐಲ್ಯಾಂಡಿನ ಇಪ್ಪತ್ತಮೂರನೇ ಮಹಡಿಯ ಆ ಫ್ಲ್ಯಾಟಿನಲ್ಲಿ ಒಂದು ಕೋಣೆ ಇವರದು, ಇನ್ನೊಂದು ಆಸ್ಪತ್ರೆಯ ರೆಕಾರ್ಡ್ ವಿಭಾಗದಲ್ಲಿದ್ದ ಮಂಗಳೂರಿನ ಮಾರ್ಟಿನಾಳದು. ಅಡುಗೆಮನೆಯ ಪಕ್ಕ ಕಿಟಕಿಯಿಲ್ಲದ ಸ್ಟೋರ್ ರೂಮ್. ಪೂಜೆ ನಡೆಯುತ್ತಿದ್ದದ್ದು ಅಲ್ಲಿ.

ಪೂಜೆ ಎರೆಶ್ಕಿಗಲಳಿಗೆ. ಸಾವಿರಾರು ವರ್ಷಗಳ ಹಿಂದೆ ಸುಮೇರಿನ ಜನ ಹೆದರಿ ಕೈಮುಗಿದ, ಸತ್ತವರ ಲೋಕದ ರಾಣಿ. ಎರಡು ವರ್ಷದ ಕೆಳಗೆ ಗಂಡ ಡ್ಯಾನಿಯಲ್ ತೀರಿಕೊಂಡ ಮೇಲೆ ಮಾರ್ಟಿನಾ ಅವಳನ್ನು ಇಂಟರ್ನೆಟ್ಟಿನ ಒಂದು ಗುಂಪಿನಲ್ಲಿ ಕಂಡುಕೊಂಡಿದ್ದಳು. ಕೊರಳಲ್ಲಿ ಶಿಲುಬೆ, ಸ್ಟೋರ್ ರೂಮಿನಲ್ಲಿ ಕಪ್ಪು ಬಟ್ಟೆ. ಪ್ರತಿ ಶುಕ್ರವಾರ ಬಾರ್ಲಿ ರೊಟ್ಟಿ, ಬಟ್ಟಲು ನೀರು. ಮರುದಿನ ರೊಟ್ಟಿಯನ್ನು ಯಾರೂ ತುಳಿಯದ ಮರಳಿನಲ್ಲಿ ಹೂತು ಬರುವುದು.

ಹೂಳುವುದಂತೆ! ನಿಖಿತಾಳಿಗೆ ಜೀರ್ಣವಾಗದ್ದು ಇದೊಂದೇ. ಅವಳ ಮನೆಯಲ್ಲಿ ದೈವಕ್ಕೆ ಅಗೆಲಿನ ಎಡೆ ಬಡಿಸಿದರೆ ಕೊನೆಯ ಅಗುಳಿನವರೆಗೂ ಮನೆಮಂದಿ ಹಂಚಿ ಉಣ್ಣಬೇಕು. ಎಡೆ ಇಟ್ಟ ಮೇಲೆ ಅದು ಪ್ರಸಾದ, ಅದನ್ನು ಮಣ್ಣುಪಾಲು ಮಾಡುವುದುಂಟೇ?

"ನಿನ್ನ ದೇವಿಗಾದ್ರೂ ಉಣಿಸ್ಬಹುದು, ನನ್ನ ಮಗಳಿಗೆ ಆಗುದಿಲ್ಲ," ಎಂದು ತಮಾಷೆ ಮಾಡಿದಳು.

ಅದೇನೋ ನಿಜವೇ. ನಾಲ್ಕು ವರ್ಷದ ಶಮಿಕಾ ಇಲ್ಲಿಗೆ ಬಂದಂದಿನಿಂದ ತಟ್ಟೆ ಕಂಡರೆ ಮುಖ ತಿರುಗಿಸುತ್ತಿದ್ದಳು. ಎರಡನೆಯ ಶುಕ್ರವಾರ ಮಧ್ಯಾಹ್ನ ಮೂರಾದರೂ ಮಗುವಿನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಮಾರ್ಟಿನಾ ಡ್ಯೂಟಿಗೆ ಹೋಗಿದ್ದಳು. ನಿಖಿತಾ ಸ್ಟೋರ್ ರೂಮಿನ ಬಾಗಿಲು ತೆಗೆದಳು. ಒದ್ದೆ ಜೇಡಿಮಣ್ಣಿನ ವಾಸನೆ ಮೂಗಿಗೆ ಬಡಿಯಿತು. ರೊಟ್ಟಿಯನ್ನು ಕಣ್ಣಿಗೊತ್ತಿಕೊಂಡು, "ಪ್ರಸಾದ, ಮಗಾ," ಎಂದು ಕೊಟ್ಟಳು. ಮಗು ಇಡೀ ರೊಟ್ಟಿ ತಿಂದಿತು. ಚೂರೂ ಬಿಡಲಿಲ್ಲ. ತಾಯಿಗೆ ಕಣ್ಣು ತುಂಬುವಷ್ಟು ಸಂತೋಷವಾಯಿತು.

ಮರುದಿನ ಮಾರ್ಟಿನಾ ಖಾಲಿ ತಟ್ಟೆ ಹಿಡಿದು ಕೇಳಿದಾಗ, ಕಸಕ್ಕೆ ಹಾಕಿದೆ ಎಂದು ಸುಳ್ಳು ಹೇಳಿದಳು.

ಅಷ್ಟರಲ್ಲಿ ಮಗುವಿನ ಮಾತು ನಿಂತಿತ್ತು. ಭಾನುವಾರ ಮೈ ಸ್ಟೀಲ್ ಚೊಂಬಿನ ಹಾಗೆ ತಣ್ಣಗಾಯಿತು. ಡಾಕ್ಟರು ರಿಪೋರ್ಟು ನೋಡಿ ಎಲ್ಲ ಸರಿಯಿದೆ ಎಂದರು. ಸೋಮವಾರ ಮಗು ಬಾಲ್ಕನಿಯಲ್ಲಿ ಕೂತು ಹೂಕುಂಡದ ಮಣ್ಣನ್ನು ಮುಷ್ಟಿ ಮುಷ್ಟಿ ತಿನ್ನುತ್ತಿತ್ತು. ಎಬ್ಬಿಸಿ ಒಳಗೆ ತರುವಾಗ ಬಾಗಿಲಿಗೆ ಬೆರಳು ಸಿಕ್ಕಿ ಉಗುರೇ ಕಿತ್ತು ಬಂತು. ಮಗು ಅಳಲಿಲ್ಲ. ರಕ್ತವನ್ನು ಸುಮ್ಮನೆ ನೋಡಿತು. ನಿಖಿತಾ ಓಡಿಹೋಗಿ ಮಾರ್ಟಿನಾಳ ಕಾಲು ಹಿಡಿದು ಎಲ್ಲ ಒಪ್ಪಿಕೊಂಡಳು.

ಮಾರ್ಟಿನಾ ಬಂದು ಮಗುವಿನ ಹಣೆ ಮುಟ್ಟಿ ನೋಡಿದಳು. "ಮಗು ಅವಳ ಲೋಕಕ್ಕೆ ಹೋಗಿ ಆಯ್ತು. ಇಲ್ಲಿ ಕೂತದ್ದು ಬರೀ ಮೈ."

"ಎಂಥ ಮಾಡುದು ಈಗ?"

"ಆ ದೇವಿಯೂ ಗಂಡನನ್ನು ಕಳಕೊಂಡವಳೇ. ಅಳ್ತಾಳೆ. ಅವಳ ಒಟ್ಟಿಗೆ ಅಳು. ಕರಗಿದ್ರೆ ಅವಳೇ ಬಿಟ್ಟು ಕೊಡ್ತಾಳೆ. ಹರಕೆ ಗಿರಕೆ ಮಾತ್ರ ಹೇಳ್ಬೇಡ. ಕೊಡ್ತೇನೆ ಅಂದ್ರೆ ತಗೊಳ್ಳುವವಳು ಅವಳು."

ನಿಖಿತಾ ಸ್ಟೋರ್ ರೂಮಿನ ಒಳಗೆ ಹೋದಳು. ಬಾಗಿಲು ಮುಚ್ಚಿತು. ಹೊರಗೆ ಸುಡುವ ಮಧ್ಯಾಹ್ನ, ಒಳಗೆ ಕಣ್ಣಿಗೆ ಕೈ ಕಾಣದ ಕತ್ತಲೆ. ಏಸಿಯ ಗುಂಯ್‌ಗುಡುವಿಕೆಯೂ ನಿಂತಿತು. ನೆಲದಡಿಯಿಂದ ಒಂದು ದನಿ ನರಳಿತು. "ಅಯ್ಯೋ ನನ್ನ ಒಡಲೇ."

"ಅಯ್ಯೋ ನಿನ್ನ ಒಡಲೇ," ಎಂದಳು ನಿಖಿತಾ.

ಮತ್ತೆ ನರಳಿತು. ಇವಳೂ ನರಳಿದಳು. ಎಷ್ಟು ಹೊತ್ತೋ. ದನಿ ಮೆತ್ತಗಾಗುತ್ತ ಬಂತು. ಆಗ ಎಲ್ಲೋ ಆಳದಲ್ಲಿ ಶಮಿಕಾ ಕೆಮ್ಮಿದಳು. ಅಷ್ಟೇ ಸಾಕಾಯಿತು. ಹುಟ್ಟಿದಂದಿನಿಂದ ಹರಕೆ ಹೊತ್ತು ಅಭ್ಯಾಸವಾದ ಬಾಯಿ.

"ಮಗಳನ್ನು ಕೊಡು ತಾಯೀ. ನನ್ನಿಂದ ಏನು ಬೇಕಾದ್ರೂ ತಗೋ."

ಅಳು ಥಟ್ಟನೆ ನಿಂತಿತು.

ಒಂದು ಬಾಗಿಲು ತೆರೆಯಿತು. ಮಣ್ಣಿನ ವಾಸನೆ ಹೋಯಿತು. ಎರಡನೆಯದು. ತುಟಿಯ ಮೇಲಿನ ಕಣ್ಣೀರಿನ ಉಪ್ಪು ಹೋಯಿತು. ಮೂರು. ಪಾದದಡಿಯ ನೆಲ ತಣ್ಣಗೋ ಬಿಸಿಯೋ ತಿಳಿಯದಾಯಿತು. ನಾಲ್ಕು. ಭಯ ಹೋಯಿತು. ಐದು. ಅಪ್ಪ ಸತ್ತ ದಿನದ ದುಃಖ. ಆರು. ಶ್ರವಣನ ಮೇಲಿನ ಆಸೆ. ಏಳನೆಯ ಬಾಗಿಲಲ್ಲಿ ಶಮಿಕಾ ನಿಂತಿದ್ದಳು. ನಿಖಿತಾ ಕೈ ಚಾಚಿದಳು. ಎದೆಯಿಂದ ಇನ್ನೊಂದೇನೋ ಕಳಚಿಕೊಂಡಿತು. ಏನೆಂದು ಅವಳಿಗೆ ಗೊತ್ತಾಗಲಿಲ್ಲ.

ಹೊರಗೆ ಬಂದಾಗ ಮಗು ಬೆರಳಿನ ನೋವಿಗೆ ಕಿರುಚಿ ಅಳುತ್ತಿತ್ತು. ಮೈ ಬಿಸಿಯಾಗಿತ್ತು. "ಬಂದಳು, ಎತ್ಕೊ," ಎಂದು ಮಾರ್ಟಿನಾ ಹೇಳಿದಳು. ನಿಖಿತಾ ನೋಡಿದಳು. ಇದು ನನ್ನ ಮಗಳು ಎಂದು ಗೊತ್ತಿತ್ತು, ಇದು ಇಪ್ಪತ್ತಮೂರನೇ ಮಹಡಿ ಎಂದು ಗೊತ್ತಿರುವ ಹಾಗೆ. ಬೆರಳಿಗೆ ಅಚ್ಚುಕಟ್ಟಾಗಿ ಪಟ್ಟಿ ಕಟ್ಟಿದಳು.

ತಿಂಗಳು ಕಳೆಯಿತು. ಮಗುವಿಗೆ ಸ್ನಾನ ಮಾಡಿಸುತ್ತಾಳೆ, ತಲೆ ಬಾಚುತ್ತಾಳೆ, ಸ್ಕೂಲ್ ಬಸ್ಸಿಗೆ ಬಿಡುತ್ತಾಳೆ. ಒಂದರಲ್ಲೂ ತಪ್ಪಿಲ್ಲ.

"ಎಂಥದೂ ಅನ್ನಿಸುದಿಲ್ವಾ ನಿನಗೆ?" ಎಂದು ಮಾರ್ಟಿನಾ ಒಂದು ಸಂಜೆ ಮೆಲ್ಲಗೆ ಕೇಳಿದಳು.

"ಇಲ್ಲ."

"ಎರಡು ವರ್ಷದಿಂದ ನಾನು ಅವಳ ಹತ್ರ ಬೇಡಿದ್ದು ಅದನ್ನೇ," ಎಂದು ಹೇಳಿ ಮಾರ್ಟಿನಾ ತನ್ನ ಕೋಣೆಗೆ ಎದ್ದುಹೋದಳು.

ಶಮಿಕಾ ತಾಯಿಯ ಮಂಡಿ ಹಿಡಿದು ನಿಂತಿದ್ದಳು. "ಅಮ್ಮಾ, ಆರ್ ಯು ಆಂಗ್ರಿ ವಿದ್ ಮಿ?"

"ಇಲ್ಲ," ಎಂದಳು ನಿಖಿತಾ. ಸುಳ್ಳು ಹೇಳಲಿಲ್ಲ.

ಮಗು ಇನ್ನೂ ಸ್ವಲ್ಪ ಹೊತ್ತು ಅವಳ ಮುಖ ನೋಡಿತು. ಆಮೇಲೆ ತನ್ನ ದಿಂಬು ಎತ್ತಿಕೊಂಡು ಹೋಗಿ ಮಾರ್ಟಿನಾಳ ಕೋಣೆಯ ಬಾಗಿಲು ತಟ್ಟಿತು.